ಶಾಲು ಹೊದ್ದ ಕತ್ತೆ

ಕೂತ್ಕೊಳ್ಳಿ ಎಲ್ಲರೂ. ಈ ಕಥೆ ಹೇಳುವಾಗ ನನಗೆ ಮೈ ಉರಿಯುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ. ನಡುವೆ ಯಾರಾದರೂ ಆಕಳಿಸಿದರೆ ಎಬ್ಬಿಸಿ ಕಳಿಸುತ್ತೇನೆ.

ಕೆಂಗಾಪುರ ಅಂತ ಒಂದು ರಾಜ್ಯ. ಗಡಿಯಿಂದ ಅರಮನೆಯವರೆಗೆ ಸಾಲಾಗಿ ಮೂರು ಗುಡ್ಡ. ಒಂದೊಂದು ಗುಡ್ಡದ ಮೇಲೆ ಒಂದೊಂದು ನಗಾರಿ. ಗಡಿಯ ಗುಡ್ಡದಲ್ಲಿ ದುಗ್ಗಣ್ಣ, ನಡುಗುಡ್ಡದಲ್ಲಿ ಗಾಣಿಗರ ಹೊಂಬಕ್ಕ, ಅರಮನೆ ಪಕ್ಕದ ಗುಡ್ಡದಲ್ಲಿ ಮುದ್ದಯ್ಯ. ಗಡಿಯಲ್ಲಿ ಶತ್ರು ಕಂಡರೆ ದುಗ್ಗಣ್ಣ ಬಾರಿಸಬೇಕು. ಅದನ್ನು ಕೇಳಿ ಹೊಂಬಕ್ಕ ಬಾರಿಸಬೇಕು. ಹೊಂಬಕ್ಕನದು ಕೇಳಿ ಮುದ್ದಯ್ಯ. ಅರಮನೆಯ ಮಾತೂ ಹಾಗೇ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತಿತ್ತು. ಹತ್ತು ವರ್ಷ ಹೀಗೆ ನಡೆಯಿತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ನೋಡದಿದ್ದರೇನು? ದಿನಾ ಮಧ್ಯಾಹ್ನ ಮೂವರೂ ಮೆಲ್ಲಗೆ ಎರಡು ಏಟು ಹಾಕುತ್ತಿದ್ದರು. ದುಂ, ದುಂ. ಅಂದರೆ "ಉಂಡ್ಯಾ?" ಆ ಕಡೆಯಿಂದ ಒಂದು ಏಟು ಬಂದರೆ "ಉಂಡೆ." ಏನೂ ಬರದಿದ್ದರೆ ಏನೋ ಎಡವಟ್ಟಾಗಿದೆ ಅಂತ. ಆಗ ಕುರಿ ಕಾಯುವವರ ಕೈಲಿ ಬುತ್ತಿಯೋ ಮದ್ದೋ ಗುಡ್ಡ ಹತ್ತುತ್ತಿತ್ತು.

ಒಂದು ದಿನ ನಗಾರಿಗಳಿಗೆ ಹೊಸ ಪಾರುಪತ್ಯಗಾರ ಬಂದ. ಹೆಸರು ಮಲ್ಲರಸ. ಬಂದವನೇ ಮೂರು ಅಪ್ಪಣೆ ಹೊರಡಿಸಿದ.

"ರಾಜರ ನಗಾರಿ ಇರೋದು ಹರಟೆಗಲ್ಲ. ಉಂಡ್ಯಾ ಗಿಂಡ್ಯಾ ಎಲ್ಲ ಇವತ್ತಿಗೆ ಬಂದ್.

"ಗುಡ್ಡಕ್ಕೆ ಯಾರೂ ಹತ್ತಕೂಡದು, ಗುಡ್ಡದಿಂದ ಯಾರೂ ಇಳೀಕೂಡದು. ಇಳಿದವರ ಕೈ ಕತ್ತರಿಸ್ತೀನಿ.

"ಬೆಳಗಿನಿಂದ ಸಂಜೆವರೆಗೆ ನೂರು ಎಣಿಸಿದ ಕೂಡಲೆ ಒಂದು ಏಟು ಬೀಳ್ಬೇಕು. ನೀವು ನಿದ್ದೆ ಹೊಡೀತಿಲ್ಲ ಅಂತ ನನಗೆ ಗೊತ್ತಾಗೋದು ಬೇಡ್ವಾ?"

ಹತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಡಿ ಕಾದವರಿಗೆ ಈ ಮಾತು! ಇವನ ನಾಲಿಗೆಗೆ ಬರೆ ಹಾಕಬೇಕಿತ್ತು.

ಮಳೆಗಾಲ ಕಳೆದ ಹೊಸತು. ಒಂದು ದಿನ ದುಗ್ಗಣ್ಣನ ಏಟು ಮೆತ್ತಗಾಯಿತು. ಹೊಂಬಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಅರಮನೆಗೆ ಬಾರಿಸಿ ಕೇಳಿದಳು: "ದುಗ್ಗಣ್ಣಂಗೆ ಹುಷಾರಿಲ್ಲ. ಹೋಗಿ ನೋಡ್ಲಾ?"

ಮಲ್ಲರಸ ಉತ್ತರ ಕಳಿಸಿದ: "ಏಟು ಬರ್ತಿದೆ ತಾನೆ? ಚೆನ್ನಾಗೇ ಇದ್ದಾನೆ."

ಎರಡನೆಯ ದಿನ ದುಗ್ಗಣ್ಣನ ಏಟು ತಪ್ಪಿ ತಪ್ಪಿ ಬಿತ್ತು. ಹೊಂಬಕ್ಕ ಮತ್ತೆ ಕೇಳಿದಳು. ಮಲ್ಲರಸ ಹೇಳಿದ: "ತಪ್ಪಿದರೂ ಬರ್ತಿದೆ ತಾನೆ? ನಿನ್ನ ಕೆಲಸ ನೋಡ್ಕೋ."

ಮೂರನೆಯ ದಿನ ಏಟೇ ಬರಲಿಲ್ಲ. ಹೊಂಬಕ್ಕ ಅಳುತ್ತ ಬಾರಿಸಿದಳು. ಮಲ್ಲರಸ ಕೂಗಾಡಿ ಉತ್ತರ ಕಳಿಸಿದ: "ಕಳ್ಳ! ಮಲಗಿಬಿಟ್ಟಿದ್ದಾನೆ. ನಾಡಿದ್ದು ನಾನೇ ಬಂದು ಅವನ ಕೈ ಕತ್ತರಿಸ್ತೀನಿ. ನೀನು ಕದಲಿದ್ರೆ ನಿನ್ನದೂ!"

ಹೊಂಬಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಅವಳಿಗೆ ಬಂತು ನೋಡಿ ಸಿಟ್ಟು! ಅವಳ ಹತ್ತಿರ ಗಾಣ ತಿರುಗಿ ತಿರುಗಿ ಮುದಿಯಾದ ಒಂದು ಕತ್ತೆ ಇತ್ತು. ಗೂಟಕ್ಕೆ ಕಟ್ಟಿದರೆ ಸಾಕು, ತಾನಾಗಿ ಸುತ್ತುತ್ತಿತ್ತು. ಕತ್ತಲಾದರೆ ನಿಲ್ಲುತ್ತಿತ್ತು, ಬೆಳಕು ಹರಿದರೆ ಹೊರಡುತ್ತಿತ್ತು. ಬಲು ನಿಧಾನ, ಹಗ್ಗ ಉದ್ದ ಬಿಟ್ಟರೆ ಒಂದು ಸುತ್ತಿಗೆ ಸರಿಯಾಗಿ ನೂರು ಎಣಿಸಬಹುದು. ಹೊಂಬಕ್ಕ ಹಗ್ಗ ಉದ್ದ ಬಿಟ್ಟು, ನಗಾರಿಯನ್ನು ಅದು ಸುತ್ತುವ ದಾರಿಯ ಪಕ್ಕಕ್ಕೆ ಎಳೆದು, ಕತ್ತೆಯ ಬೆನ್ನಿಗೆ ಅಡ್ಡಲಾಗಿ ಒಂದು ಕೋಲು ಬಿಗಿದಳು. ಸುತ್ತಿಗೊಮ್ಮೆ ದುಂ! ಹುಲ್ಲು, ನೀರು ಇಟ್ಟು ಗುಡ್ಡ ಇಳಿದು ಓಡಿದಳು.

ದುಗ್ಗಣ್ಣ ನಗಾರಿಯ ಬುಡದಲ್ಲೇ ಬಿದ್ದಿದ್ದ. ಮೈ ಕೆಂಡವಾಗಿತ್ತು. ಕೋಲು ಇನ್ನೂ ಕೈಲೇ ಇತ್ತು. ಹೊಂಬಕ್ಕ ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು, "ಉಂಡ್ಯಾ ಅಣ್ಣಾ?"

"ಮೂರು ದಿನ ಆಯ್ತು ಕಣವ್ವ," ಅಂದ ದುಗ್ಗಣ್ಣ.

ಗಂಜಿ ಕುಡಿಸಿದಳು. ಕಷಾಯ ಕುಡಿಸಿದಳು. ಒದ್ದೆ ಬಟ್ಟೆ ಹಾಕಿದಳು. ಎರಡನೆಯ ದಿನಕ್ಕೆ ಜ್ವರ ಇಳಿಯಿತು.

ಇತ್ತ ಮಲ್ಲರಸ ಮುದ್ದಯ್ಯನ ಗುಡ್ಡ ಹತ್ತಿ ಕಿವಿಗೊಟ್ಟು ಕೂತಿದ್ದ. ನಡುಗುಡ್ಡದಿಂದ ದುಂ. ನೂರು ಎಣಿಸಿದರೆ ಮತ್ತೆ ದುಂ. ಒಂದೂ ತಪ್ಪಲಿಲ್ಲ. "ಯಾರದೋ ಈ ಏಟು?" ಅಂತ ಕೇಳಿದ. ಅದು ಹೊಂಬಕ್ಕನ ಕೈಯಲ್ಲ ಅಂತ ಮುದ್ದಯ್ಯನಿಗೆ ಮೊದಲ ಏಟಿಗೇ ತಿಳಿದಿತ್ತು. "ಅವಳದೇ, ಬುದ್ಧಿ. ಇನ್ಯಾರದು?" ಅಂದ.

ಮಲ್ಲರಸ ಉಬ್ಬಿಹೋದ. ರಾಜನ ಹತ್ತಿರ ಓಡಿದ. "ಮಹಾಪ್ರಭು, ನನ್ನ ಅಪ್ಪಣೆಯ ಫಲ ನೋಡಿ. ನಡುಗುಡ್ಡದವರಂಥ ಸೇವಕರು ಲೋಕದಲ್ಲಿಲ್ಲ. ನೀವೇ ಬಂದು ಶಾಲು ಹೊದಿಸ್ಬೇಕು." ರಾಜ ಹೊರಟ. ಮಲ್ಲರಸನ ಒಂದು ಕೈಲಿ ಜರಿ ಶಾಲು, ಇನ್ನೊಂದು ಕೈಲಿ ದುಗ್ಗಣ್ಣನಿಗೆ ಕತ್ತಿ.

ಗುಡ್ಡ ಹತ್ತಿ ನೋಡಿದರೆ ಕತ್ತೆ! ಇವರನ್ನು ಒಮ್ಮೆ ನೋಡಿ, ಕಿವಿ ಒದರಿ, ದುಂ ಅಂತ ಬಾರಿಸಿ ಮುಂದೆ ಹೋಯಿತು.

ಅಷ್ಟರಲ್ಲಿ ಆ ಕಡೆಯಿಂದ ಹೊಂಬಕ್ಕ ದುಗ್ಗಣ್ಣನನ್ನು ಹೆಗಲಿಗೆ ಆನಿಸಿಕೊಂಡು ಬಂದಳು. ರಾಜನನ್ನು ಕಂಡು ಹೆದರಲಿಲ್ಲ. ದುಗ್ಗಣ್ಣನನ್ನು ಕೆಳಗೆ ಕೂರಿಸಿ ಎರಡೂ ಕೈ ಚಾಚಿದಳು. "ಕತ್ತರಿಸಿ ಬುದ್ಧಿ. ಗುಡ್ಡ ಬಿಟ್ಟಿದ್ದು ನಿಜ. ಈ ಮನುಷ್ಯ ಸಾಯ್ತಿದ್ದ. ಮೂರು ಸಲ ಬೇಡ್ಕೊಂಡೆ. ನಿಮ್ಮ ಪಾರುಪತ್ಯಗಾರ್ರಿಗೆ ಏಟು ಬೇಕಿತ್ತು, ಬಾರಿಸೋರು ಬೇಕಿರಲಿಲ್ಲ. ಅದಕ್ಕೇ ಕತ್ತೆ ಕಟ್ಟಿ ಹೋದೆ."

ರಾಜ ಮಲ್ಲರಸನ ಕಡೆ ತಿರುಗಿದ. "ಈ ಎರಡು ದಿನದಲ್ಲಿ ಶತ್ರು ಬಂದಿದ್ದರೆ ಈ ಕತ್ತೆ ನನಗೆ ಹೇಳ್ತಿತ್ತೇನಯ್ಯಾ?"

ಮಲ್ಲರಸ ಕತ್ತಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡ.

"ಹೊದಿಸು ಶಾಲು," ಅಂದ ರಾಜ. "ನಿನ್ನ ಮೆಚ್ಚಿನ ಸೇವಕನಿಗೆ ನೀನೇ ಹೊದಿಸು." ಮಲ್ಲರಸ ಕತ್ತೆಗೆ ಜರಿ ಶಾಲು ಹೊದಿಸಿದ. ರಾಜ ಅಲ್ಲೇ ಅವನ ಮುದ್ರೆಯುಂಗುರ ಕಿತ್ತುಕೊಂಡು ರಾಜ್ಯ ಬಿಟ್ಟು ಓಡಿಸಿದ. ಮೂರು ಅಪ್ಪಣೆಗಳನ್ನೂ ಹರಿದು ಹಾಕಿಸಿದ.

ನನ್ನ ಕೇಳಿದರೆ ಅಷ್ಟು ಸಾಲದು. ಇರಲಿ.

ನೀತಿ ಏನು ಗೊತ್ತಾಯಿತೇ? ದೂರದಲ್ಲಿ ಕೂತು ನಿಮ್ಮ ಜೊತೆ ದುಡಿಯುವವರು ಕಣ್ಣಿಗೆ ಕಾಣುವುದಿಲ್ಲ. ಕೆಲಸ ಬಂತೇ ಅಂತ ಕೇಳುವ ಮುಂಚೆ ಹೇಗಿದ್ದೀಯ ಅಂತ ಕೇಳಿ. ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವವರು ಎಂಥ ಕಷ್ಟ ಬಂದರೂ ತಡೆದುಕೊಳ್ಳುತ್ತಾರೆ. ಹಾಗೆ ವಿಚಾರಿಸಬೇಡಿ ಅನ್ನುವ ಯಜಮಾನನಿಗೆ ಕೊನೆಗೆ ಕತ್ತೆಯೇ ಗತಿ.