ನೀರು ಕುಡಿದ ಇಲಿ

ಗಿಡವೊಂದರ ಬೇರಿನ ರಸ ಮೆದುಳಿನಿಂದ ಭಯವನ್ನು ಅಳಿಸುತ್ತದೆಯೇ ಎಂದು ತಿಳಿಯಲು ವಿಜ್ಞಾನಿಯೊಬ್ಬಳು ದೊಡ್ಡ ಇಲಿಗೆ ಆ ರಸವನ್ನು ಕುಡಿಸಿದಳು. ಹೋಲಿಸಿ ನೋಡಲು ಚಿಕ್ಕ ಇಲಿಗೆ ಬರೀ ನೀರು ಕುಡಿಸಿದಳು. ಆಮೇಲೆ ಎರಡನ್ನೂ ನೀರಿನ ತೊಟ್ಟಿಯ ಮೇಲಿದ್ದ ಕಿರಿದಾದ ಹಲಗೆಯ ಮೇಲೆ ಬಿಟ್ಟಳು.

ದೊಡ್ಡ ಇಲಿ ಅಂಚನ್ನು ಲೆಕ್ಕಿಸದೆ ನಡೆದು ತೊಟ್ಟಿಗೆ ಬಿತ್ತು. ವಿಜ್ಞಾನಿ ಕೈಚಾಚುವಷ್ಟರಲ್ಲಿ ಚಿಕ್ಕ ಇಲಿ ಗಡಗಡ ನಡುಗುತ್ತಲೇ ಅಂಚಿಗೆ ಬಂದು ಬಾಲ ಇಳಿಬಿಟ್ಟಿತು.

"ಅಣ್ಣ, ಇದನ್ನು ಕಚ್ಚಿಕೊಂಡು ಮೇಲೆ ಬಾ."

ಮೇಲೆ ಬಂದ ದೊಡ್ಡ ಇಲಿ ಕೇಳಿತು: "ನಿನಗೂ ಅದೇ ರಸ ಕುಡಿಸಿದರೇನು?"

"ಇಲ್ಲ, ನನಗೆ ಕೊಟ್ಟಿದ್ದು ನೀರು. ಕಾಲು ಇನ್ನೂ ನಡುಗುತ್ತಿದೆ."

ದೊಡ್ಡ ಇಲಿ ತಲೆ ಬಾಗಿಸಿತು. "ನನಗೆ ಭಯವೇ ಇರಲಿಲ್ಲ ತಮ್ಮ. ಧೈರ್ಯ ಮಾಡಿದವನು ನೀನು."