ಕಾವು ತಿಂದ ಪದರ

ಕಾರ್ಖಾನೆಯೊಂದರಲ್ಲಿ ಮಿಶ್ರಲೋಹದ ಸರಳೊಂದನ್ನು ಕರಗಿಸದೆ, ಗಿರಗಿರನೆ ತಿರುಗಿಸಿ ಉಜ್ಜುತ್ತ, ಆ ಕಾವಿಗೆ ಮೆದುವಾದ ಅದರ ಲೋಹವನ್ನೇ ಪದರದ ಮೇಲೆ ಪದರವಾಗಿ ಕೂರಿಸಿ ಗೋಡೆ ಕಟ್ಟುತ್ತಿದ್ದರು. ನಡುವೆ ಕೆಲಸ ನಿಲ್ಲಿಸಿ, ಗಟ್ಟಿತನ ನೋಡಲು ವಜ್ರದ ಮೊನೆ ಒತ್ತಿದರು. ಅದು ಕೆಳಗಿನ ಪದರದಲ್ಲಿ ಆಳಕ್ಕೆ ಇಳಿಯಿತು. ಮೇಲಿನದರಲ್ಲಿ ಸುಲಭಕ್ಕೆ ಇಳಿಯಲಿಲ್ಲ.

"ಒಂದೇ ಸರಳಿನಲ್ಲಿ ಹುಟ್ಟಿದವರು ನಾವು. ನೀನೇಕೆ ಹೀಗೆ ಮೆತ್ತಗಾದೆ? ನಿನ್ನನ್ನು ಕೊಯ್ದು ಎಸೆಯಬೇಕು" ಎಂದಿತು ಮೇಲಿನ ಪದರ.

"ನಿನ್ನನ್ನು ಕೂರಿಸುವಾಗ ಹುಟ್ಟಿದ ಕಾವು ನನ್ನೊಳಗೇ ಇಳಿಯಿತು, ತಂಗಿ."

"ನೆಪ ಹೇಳಬೇಡ. ಗಟ್ಟಿಯಾಗಿರುವವರು ಕಾವಿಗೆ ಜಗ್ಗುವುದಿಲ್ಲ."

ಅಷ್ಟರಲ್ಲಿ ಸರಳು ಮತ್ತೆ ತಿರುಗುತ್ತ ಇಳಿದು, ಮೇಲಿನ ಪದರದ ನೆತ್ತಿಯನ್ನೇ ಉಜ್ಜತೊಡಗಿತು.

"ಅಕ್ಕಾ, ಸುಡುತ್ತಿದೆ!" ಎಂದು ಅದು ಕೂಗಿಕೊಂಡಿತು.

"ಕಾವನ್ನು ಈ ಕಡೆ ಇಳಿಸು," ಎಂದಿತು ಕೆಳಗಿನ ಪದರ. "ನನಗೆ ಅಭ್ಯಾಸವಾಗಿದೆ."