ತುಂಬಿದ ತಂಬಿಗೆಯ ಅಡಿವೆಪ್ಪ ಮಾಸ್ತರು

ಯಾವ ಕಾಲವೆಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಕಲ್ಲುಗಣಿಯ ಅಂಚಿನಲ್ಲಿ ಒಂದು ಊರಿತ್ತಂತೆ. ಗಣಿ ಬಿಳಿ ಸಾಹೇಬನದು, ಕಲ್ಲು ಒಡೆಯುವವರು ಊರವರು. ಆ ಊರಿಗೆ ಅಡಿವೆಪ್ಪ ಎಂಬ ಇಂಗ್ಲಿಷ್ ಮಾಸ್ತರು ಬಂದರಂತೆ. ಎಲ್ಲಿಂದ ಬಂದರು, ಯಾರ ಮಗ, ಯಾರಿಗೂ ತಿಳಿಯದು. ಕೈಯಲ್ಲಿ ಒಂದು ತಾಮ್ರದ ತಂಬಿಗೆ ಮಾತ್ರ ಇತ್ತಂತೆ.

ಅವರ ಪಾಠಕ್ಕೆ ಪುಸ್ತಕವಿರಲಿಲ್ಲ. ವಸ್ತು ಎಂಥದ್ದೆಂದು ಹೇಳುವ ಮಾತಾದರೆ ಆ ವಸ್ತುವನ್ನೇ ತಂದು ತೋರಿಸಬೇಕು. ಕೆಲಸ ಹೇಗೆ ಮಾಡಿದರೆಂದು ಹೇಳುವ ಮಾತಾದರೆ ಹಾಗೆಯೇ ಮಾಡಿ ತೋರಿಸಬೇಕು. ರಫ್ ಎಂದವನು ಒರಟು ಕಲ್ಲು ಹೊತ್ತು ತರಬೇಕು. ಸ್ಲೋಲಿ ಎಂದವನು ನಿಧಾನವಾಗಿ ನಡೆಯಬೇಕು. ತೋರಿಸಲಾಗದ ಮಾತನ್ನು ಆಡಬಾರದು.

ಸಂಜೆ ಊರಿಗೆ ಊರೇ ಬಂದು ಕೂರುತ್ತಿತ್ತಂತೆ. ಒಮ್ಮೆ ಹುಲಿಗೆವ್ವ ತನ್ನ ಗಂಡ ಯಮನೂರಪ್ಪನ ಕಡೆ ಬೆರಳು ತೋರಿಸಿ, "ಮಾಸ್ತರ್ರ, ಇಂವ ಭಾಳ ಲೇಜಿ ಅದಾನ್ರಿ. ಉಣ್ಣೂದು ಮಾತ್ರ ಕ್ವಿಕ್ಲಿ" ಎಂದಳಂತೆ. ಊರವರು ನಕ್ಕ ನಗೆಗೆ ಬಂಡೆ ಬಿರಿಯಿತಂತೆ. "ಹಂಗಾರ ನೋಡಲ್ಲಿ" ಎಂದು ಯಮನೂರಪ್ಪ ಮಾಸ್ತರ ತಂಬಿಗೆ ಎತ್ತಿಕೊಂಡು ಬಾವಿಗೆ ಹೋದ. ಅಂಚಿನವರೆಗೆ ನೀರು ತುಂಬಿ, ಒಂದು ಹನಿಯೂ ತುಳುಕದಂತೆ ಎಚ್ಚರದಿಂದ ನಡೆದು ಬಂದ. ತಂದು ಇಟ್ಟು, "ಕೇರ್‌ಫುಲಿ" ಎಂದನಂತೆ.

ಗಣಿಯಲ್ಲಿ ಯಾರು ಸತ್ತರೂ ಸಾಹೇಬ ಕೇಳುತ್ತಿದ್ದುದು ಒಂದೇ, ಎಂಥ ಮನುಷ್ಯ? ಬರೆಯುತ್ತಿದ್ದುದೂ ಒಂದೇ, ಕೇರ್‌ಲೆಸ್. ಎಚ್ಚರಗೇಡಿ. ಹಾಗೆ ಬರೆದರೆ ಸತ್ತವನ ಹೆಂಡತಿ ಮಕ್ಕಳು ಅವತ್ತೇ ಗಣಿಯ ಗುಡಿಸಲು ಬಿಟ್ಟು ಹೋಗಬೇಕು.

ಒಂದು ದಿನ ಯಮನೂರಪ್ಪನನ್ನು ಕೆಳಗಿಳಿಸಿದ ಹಗ್ಗ ಹರಿಯಿತು. ಬೆಳಿಗ್ಗೆಯೇ ಅವನು ಮೇಸ್ತ್ರಿಗೆ ಹಗ್ಗ ತೋರಿಸಿದ್ದನಂತೆ. ನವೆದ ಎಳೆಗಳನ್ನು ಬೆರಳಿಂದ ಎತ್ತಿ ತೋರಿಸಿದ್ದನಂತೆ. ಇಳಿ ಎಂದರು, ಇಳಿದ.

ಮಾಸ್ತರು ಹರಿದ ಹಗ್ಗದ ತುಂಡನ್ನೂ ನೀರು ತುಂಬಿದ ತಂಬಿಗೆಯನ್ನೂ ಹಿಡಿದು ಸಾಹೇಬನ ಬಂಗಲೆಗೆ ಹೋದರಂತೆ. ಹುಲಿಗೆವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಹೋಗಿ ಬಾಗಿಲಲ್ಲಿ ನಿಂತಳಂತೆ. ಕೆಟ್ಟದ್ದು ಹಗ್ಗ, ಮನುಷ್ಯನಲ್ಲ, ಅವನು ಎಚ್ಚರದಿಂದಲೇ ಕೆಲಸ ಮಾಡಿದ ಎಂದು ಮಾಸ್ತರು ಇಂಗ್ಲಿಷಿನಲ್ಲಿ ಹೇಳಿದರಂತೆ. ಹಗ್ಗವನ್ನು ಮೇಜಿನ ಮೇಲಿಟ್ಟು ತೋರಿಸಿದರು. ತುಂಬಿದ ತಂಬಿಗೆ ಹಿಡಿದು ಆ ಕೋಣೆಯ ಉದ್ದಕ್ಕೂ ಯಮನೂರಪ್ಪನಂತೆ ನಡೆದು ತೋರಿಸಿದರು. ಹನಿ ಬೀಳಲಿಲ್ಲವಂತೆ.

ಸಾಹೇಬ ಎಲ್ಲವನ್ನೂ ಕೇಳಿದ. ಇಷ್ಟು ಶುದ್ಧವಾದ ಇಂಗ್ಲಿಷನ್ನು ಈ ಸೀಮೆಯಲ್ಲಿ ಕೇಳಿಯೇ ಇರಲಿಲ್ಲ ಎಂದನಂತೆ. ಮಾಸ್ತರಿಗೆ ಕುರ್ಚಿ ತರಿಸಿದನಂತೆ. ಆಮೇಲೆ ಕೇರ್‌ಲೆಸ್ ಎಂದೇ ಬರೆದನಂತೆ.

ಹೊರಗೆ ಬಂದಾಗ ಹುಲಿಗೆವ್ವ ಕೇಳಿದಳು. "ಏನಂದಾನ್ರಿ ಮಾಸ್ತರ್ರ?"

"ನನ್ನ ಇಂಗ್ಲಿಷ್ ಚಲೋ ಐತಂತ, ಯವ್ವಾ."

ಹೊತ್ತು ಮುಳುಗುವ ಮೊದಲು ಅವಳು ಗುಡಿಸಲು ಬಿಟ್ಟಳು. ಯಾವ ದಿಕ್ಕಿಗೆ ಹೋದಳೆಂದು ಹೇಳುವವರಿಲ್ಲ. ಮಾಸ್ತರು ಮತ್ತೆ ಪಾಠ ಹೇಳಲಿಲ್ಲವಂತೆ. ಇಂಥದ್ದು, ಹೀಗೆ ಎನ್ನುವ ಒಂದು ಮಾತೂ ಅವರ ಬಾಯಿಂದ ಬರಲಿಲ್ಲವಂತೆ. ಊಟ ಹೇಗಿತ್ತು ಎಂದರೆ, ಉಂಡೆ ಎನ್ನುವರು. ಬಿಸಿಲು ಜೋರೇ ಎಂದರೆ, ಬಿಸಿಲು ಎನ್ನುವರು. ಹಾಗೆಯೇ ಇದ್ದು ಹಾಗೆಯೇ ಸತ್ತರಂತೆ.

ಈಗಲೂ ಆ ಊರಿನಲ್ಲಿ ಸತ್ತವರನ್ನು ಒಳ್ಳೆಯವರು, ಕೆಟ್ಟವರು ಎನ್ನುವುದಿಲ್ಲ. ಹೂಳುವ ಕುಣಿಯ ಸುತ್ತ ನಿಂತು, ಅವರು ಮಾಡುತ್ತಿದ್ದ ಒಂದು ಕೆಲಸ, ಅದನ್ನು ಮಾಡುತ್ತಿದ್ದ ರೀತಿ, ಅಷ್ಟೇ ಹೇಳುತ್ತಾರೆ. ರೊಟ್ಟಿ ತೆಳ್ಳಗೆ ಬಡಿಯುತ್ತಿದ್ದಳು. ಬಾಗಿಲನ್ನು ಮೆಲ್ಲಗೆ ಹಾಕುತ್ತಿದ್ದ. ಒಬ್ಬರು ಬಾವಿಯಿಂದ ತುಂಬಿದ ತಂಬಿಗೆ ತರುತ್ತಾರೆ. ಕೇರ್‌ಫುಲಿ, ಕೇರ್‌ಫುಲಿ ಎಂದು ಉಳಿದವರು ದಾರಿಯುದ್ದಕ್ಕೂ ಹೇಳುತ್ತಾರೆ. ಅದು ಯಾವ ಭಾಷೆಯೆಂದು ಎಷ್ಟೋ ಜನರಿಗೆ ಗೊತ್ತಿಲ್ಲ.

ನೀರು ತುಳುಕುವುದಿಲ್ಲ. ಗಣಿಯಲ್ಲಿ ಹಗ್ಗ ಈಗಲೂ ಹರಿಯುತ್ತದೆ.